ತಿದ್ದುವುದು ಬೇರೆ, ಅಳಿಸುವುದು ಬೇರೆ

ಹೋದ ಮಳೆಗಾಲದಲ್ಲಿ ಅಕ್ಕನ ಮಗನ ಜೊತೆ ಮಾರ್ಕೋನಹಳ್ಳಿ ಡ್ಯಾಮಿಗೆ ಹೋಗಿದ್ದೆ. ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನ ದರ್ಶನ ಮುಗಿಸಿದವರು ಹಾಗೇ ಒಂದು ಸುತ್ತು ಡ್ಯಾಮಿಗೂ ಹೋಗಿಬರುವುದು ನಮ್ಮ ಕಡೆಯ ರೂಢಿ. ಮೋಡ ಕವಿದ ಮಧ್ಯಾಹ್ನ. ಮಳೆ ನೀರು ಬಂದು ಸೇರಿ ಜಲಾಶಯವೆಲ್ಲ ಹಾಲು ಹಾಕಿದ ಟೀಯ ಬಣ್ಣಕ್ಕೆ ತಿರುಗಿತ್ತು. ದೂರದಲ್ಲಿ ತೆಪ್ಪದ ಮೇಲೆ ಕೂತು ಒಬ್ಬ ಬಲೆ ಎಳೆಯುತ್ತಿದ್ದ. ದಡದಲ್ಲಿ ಇಬ್ಬರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅವರ ಪಕ್ಕದಲ್ಲಿ ನೀರಿಗೆ ಇಳಿಯಬೇಡಿ ಎಂದು ಬರೆದ ಒಂದು ಬೋರ್ಡು, ಅದರ ಬುಡದಲ್ಲಿ ಚಿಪ್ಸ್ ಪ್ಯಾಕೆಟ್ಟು, ಖಾಲಿ ಬಾಟಲಿ. ಹುಡುಗ ಫೋನು ತೆಗೆದು ಒಂದು ಫೋಟೋ ಹೊಡೆದ. ಏರಿಯ ಮೇಲೆ ಕೂತು ನಾನು ಕಡಲೆಕಾಯಿ ಪೊಟ್ಟಣ ಖಾಲಿ ಮಾಡುವಷ್ಟರಲ್ಲಿ ಅವನ ಕೆಲಸ ಮುಗಿದಿತ್ತು.

"ಹೆಂಗೈತೆ ಮಾವ?" ಎಂದು ಫೋನು ನನ್ನ ಮುಂದೆ ಹಿಡಿದ.

ಆಕಾಶದಲ್ಲಿ ಸಂಜೆಯ ಕಿತ್ತಳೆ ಮೋಡಗಳು ಬಂದಿದ್ದವು. ನೀರು ನೀಲಿ, ಅದೂ ಅಂತಿಂಥ ನೀಲಿಯಲ್ಲ, ಟಿಕೆಟ್ ಕೊಂಡು ಹೋಗಬೇಕಾದ ದ್ವೀಪಗಳ ಸಮುದ್ರದ ನೀಲಿ. ತೆಪ್ಪದವನು ಇರಲಿಲ್ಲ. ಬಟ್ಟೆ ಒಗೆಯುವವರು ಇರಲಿಲ್ಲ. ಚಿಪ್ಸ್ ಪ್ಯಾಕೆಟ್ಟು ಹೋಗಿತ್ತು, ಅದರ ಜೊತೆಗೆ ಬೋರ್ಡೂ ಹೋಗಿತ್ತು.

"ಚೆನ್ನಾಗೈತೆ. ಯಾವೂರು ಇದು?" ಅಂದೆ.

ಅವನು ನಕ್ಕ. ನಾನೂ ನಕ್ಕೆ. ಆದರೆ ಆ ಪ್ರಶ್ನೆಯನ್ನು ನಾನು ತಮಾಷೆಗೆ ಕೇಳಿರಲಿಲ್ಲ ಎನ್ನುವುದು ಮನೆಗೆ ಬಂದಮೇಲೆ ನನಗೇ ಗೊತ್ತಾಯಿತು.

ಹುಡುಗನನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅವನು ಹೇಳಿಕೊಟ್ಟಂತೆ ಮಾಡಿದ್ದಾನೆ. ಫೋಟೋ ಎಡಿಟ್ ಮಾಡಲು ಚುಟುಕು ಸಲಹೆ ಕೊಡುವ ಮೂವತ್ತು ಸೆಕೆಂಡಿನ ವೀಡಿಯೋಗಳನ್ನು ನೀವೂ ನೋಡಿರುತ್ತೀರಿ. ಎಲ್ಲದರ ಸಾರ ಒಂದೇ. ಆಕಾಶ ಸಪ್ಪೆಯಾಗಿದೆಯೇ? ಬದಲಾಯಿಸಿ. ನೀರು ಕೊಳಕಾಗಿದೆಯೇ? ಹಳದಿ ಇಳಿಸಿ, ನೀಲಿ ಏರಿಸಿ. ಬೇಡದವರು ಫ್ರೇಮಿನೊಳಗೆ ಬಂದಿದ್ದಾರೆಯೇ? ಬೆರಳಲ್ಲಿ ಉಜ್ಜಿ. ಮುಖ ಕಪ್ಪಾಗಿದೆಯೇ? ಆರೆಂಜ್ ಲ್ಯೂಮಿನೆನ್ಸ್ 30 ಏರಿಸಿ, ಸ್ಯಾಚುರೇಷನ್ 20 ಇಳಿಸಿ. ಆಯಿತು, ಫೋಟೋ ರೆಡಿ.

ಈ ಸಲಹೆಗಳಲ್ಲಿ ಬರುವ ಉಪಕರಣಗಳ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ ನಾಲ್ಕು ವಿಶೇಷಣಗಳ ಬಗ್ಗೆ: ಸಪ್ಪೆ, ಕೊಳಕು, ಬೇಡದವರು, ಕಪ್ಪು. ಮಳೆಗಾಲದ ಮೋಡ ಸಪ್ಪೆ ಎಂದು ತೀರ್ಮಾನಿಸಿದವರು ಯಾರು? ಕೆಮ್ಮಣ್ಣಿನ ನೀರು ಕೊಳಕು ಎಂದು ಹೇಳಿದವರು ಯಾರು? ಆ ನೀರಿನಿಂದಲೇ ಹೊಟ್ಟೆ ಹೊರೆಯುವ ಮನುಷ್ಯ ಆ ನೀರಿನ ಫೋಟೋದಲ್ಲಿ ಬೇಡದವನಾದದ್ದು ಯಾವಾಗ? ಸ್ಲೈಡರನ್ನು ಎಳೆಯುವ ಮೊದಲೇ ಇವೆಲ್ಲ ತೀರ್ಮಾನವಾಗಿ ಹೋಗಿರುತ್ತವೆ. ಚುಟುಕು ಸಲಹೆಯ ಚುಟುಕುತನ ಇರುವುದೇ ಇಲ್ಲಿ. ಅದು ಹೇಗೆ ಮಾಡಬೇಕು ಎಂದು ಹೇಳಿಕೊಡುತ್ತದೆ, ಯಾಕೆ ಎಂದು ಕೇಳಲು ಸಮಯ ಕೊಡುವುದಿಲ್ಲ.

ಇಷ್ಟು ಹೇಳಿದ ಕೂಡಲೇ ಒಂದು ಬಗೆಯ ಓದುಗರು ನನ್ನ ಪಕ್ಷಕ್ಕೆ ಬಂದು ನಿಲ್ಲುತ್ತಾರೆ. ಎಡಿಟಿಂಗೇ ಮೋಸ, ನಾನಂತೂ ತೆಗೆದದ್ದನ್ನು ತೆಗೆದ ಹಾಗೇ ಹಾಕುತ್ತೇನೆ ಎನ್ನುವವರು. ಕ್ಷಮಿಸಿ, ನಾನು ನಿಮ್ಮ ಪಕ್ಷದವನೂ ಅಲ್ಲ. ತೆಗೆದ ಹಾಗೇ ಇರುವ ಫೋಟೋ ಎಂಬುದೊಂದು ಇಲ್ಲವೇ ಇಲ್ಲ. ಇವತ್ತಿನ ಫೋನು ನೀವು ಒಂದು ಸಲ ಒತ್ತಿದರೆ ಹಲವು ಫ್ರೇಮುಗಳನ್ನು ತೆಗೆದು, ಒಂದರ ಬೆಳಕನ್ನೂ ಇನ್ನೊಂದರ ನೆರಳನ್ನೂ ಬೆಸೆದು ಒಂದು ಚಿತ್ರ ಮಾಡಿ ನಿಮ್ಮ ಕೈಗಿಡುತ್ತದೆ. ಬಿಳುಪು ಎಂದರೆ ಎಷ್ಟು ಬಿಳುಪು ಎಂದು ಅದೇ ನಿರ್ಧರಿಸುತ್ತದೆ. ಬ್ಯೂಟಿ ಮೋಡ್ ಚಾಲೂ ಇದ್ದರೆ ಮುಖದ ಗೆರೆಗಳನ್ನೂ ಅದೇ ನುಣುಪು ಮಾಡುತ್ತದೆ. ಫಿಲ್ಟರ್ ಹಾಕಿಲ್ಲ ಎಂದು ಜಂಬಪಡುವವರ ಫೋಟೋವನ್ನೂ ಯಾರೋ ದೂರದ ಎಂಜಿನಿಯರ್ ಮೊದಲೇ ತಿದ್ದಿಟ್ಟಿರುತ್ತಾನೆ.

ಹಿಂದೆಯೂ ಹೀಗೇ ಇತ್ತು. ಕಪ್ಪುಬಿಳುಪಿನ ಕಾಲದಲ್ಲಿ ಡಾರ್ಕ್‌ರೂಮಿನೊಳಗೆ ಪ್ರಿಂಟ್ ಹಾಕುವವರು ಕಾಗದದ ಒಂದು ಭಾಗಕ್ಕೆ ಕೈ ಅಡ್ಡ ಹಿಡಿದು ಬೆಳಕು ಕಡಿಮೆ ಬೀಳಿಸುತ್ತಿದ್ದರು, ಇನ್ನೊಂದು ಭಾಗಕ್ಕೆ ಹೆಚ್ಚು ಬೀಳಿಸುತ್ತಿದ್ದರು. ಇಂಗ್ಲಿಷಿನವರು ಡಾಡ್ಜಿಂಗ್, ಬರ್ನಿಂಗ್ ಎನ್ನುವುದು ಇದಕ್ಕೇ. ಸ್ಟುಡಿಯೋಗಳಲ್ಲಿ ಚೂಪಾದ ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆ ಚುಕ್ಕಿ ಇಡುತ್ತಾ ಮೊಡವೆಯ ಕಲೆ ಮಾಯ ಮಾಡುವ ಕುಶಲಿಗಳಿದ್ದರು. ಆಮೇಲೆ ಪ್ರಿಂಟಿನ ಮೇಲೆ ಬಣ್ಣ ಹಚ್ಚಿ ಸೀರೆಗೆ ಕೆಂಪು, ಒಡವೆಗೆ ಹಳದಿ ಕೊಡುವವರಿದ್ದರು. ಫೋಟೋಶಾಪ್ ಬಂದದ್ದು 1990ರಲ್ಲಿ. ತಿದ್ದುವ ಆಸೆ ಅದಕ್ಕಿಂತ ಬಹಳ ಹಳೆಯದು.

ವ್ಯತ್ಯಾಸ ಇಷ್ಟೇ. ಆಗ ಒಂದು ನೆಗೆಟಿವ್ ತಿದ್ದಲು ಅರ್ಧ ದಿನ ಬೇಕಿತ್ತು. ಅರ್ಧ ದಿನ ಒಂದು ಮುಖವನ್ನು ಅಷ್ಟು ಹತ್ತಿರದಿಂದ ನೋಡುತ್ತಾ ಕೂತವನಿಗೆ ಆ ಮುಖದ ಪರಿಚಯವಾಗುತ್ತಿತ್ತು. ಯಾವ ಗೆರೆ ಬಿಡಬೇಕು, ಯಾವುದನ್ನು ತೆಗೆಯಬೇಕು ಎಂದು ಅವನು ಯೋಚಿಸಲೇಬೇಕಿತ್ತು. ಶ್ರಮವೇ ಒಂದು ಲಗಾಮಾಗಿತ್ತು. ಫೋಟೋಶಾಪಿನಲ್ಲಿ ಆಕಾಶವನ್ನೇ ಒಂದು ಗುಂಡಿ ಒತ್ತಿ ಬದಲಿಸುವ ಸೌಲಭ್ಯ ಬಂದದ್ದು 2020ರಲ್ಲಿ. ಹಿನ್ನೆಲೆಯ ಜನರನ್ನು ಬೆರಳಲ್ಲಿ ಉಜ್ಜಿ ಅಳಿಸುವುದನ್ನು ಗೂಗಲ್ ತನ್ನ ಪಿಕ್ಸೆಲ್ ಫೋನಿಗೆ ತಂದದ್ದು 2021ರಲ್ಲಿ. ಈಗ ಅಳಿಸಿದ ಜಾಗದಲ್ಲಿ ಏನಿರಬೇಕು ಎಂದು ಯಂತ್ರವೇ ಊಹಿಸಿ ಬರೆದು ತುಂಬುತ್ತದೆ. ಲಗಾಮು ಬಿಚ್ಚಿಹೋಗಿದೆ. ಯೋಚನೆ ಮಾತ್ರ ನಾವೇ ಮಾಡಬೇಕು, ಅದನ್ನು ಮಾಡಬೇಡಿ ಎನ್ನುವುದೇ ಚುಟುಕು ಸಲಹೆಯ ಧರ್ಮ.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಪದವಿದೆ, ತಿದ್ದುವುದು. ನಮ್ಮ ಕಾಲಕ್ಕೆ ಮರಳಿನ ಮೇಲೆ, ಸ್ಲೇಟಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಮೇಷ್ಟರು ಬರೆದ 'ಅ' ಮೇಲೆ ಮಗು ಬೆರಳಿಟ್ಟು ಮತ್ತೆ ಮತ್ತೆ ಅದೇ ದಾರಿಯಲ್ಲಿ ಹೋಗಬೇಕು. ತಿದ್ದಬೇಕಾದರೆ ಕೆಳಗೆ ಮೊದಲೇ ಒಂದು ಗೆರೆ ಇರಬೇಕು. ಇರುವ ಗೆರೆಯನ್ನು ಸ್ಪಷ್ಟ ಮಾಡುವುದು ತಿದ್ದುವುದು. ಹುಬ್ಬು ತಿದ್ದುತ್ತಾರೆ, ರಂಗೋಲಿಯ ಎಳೆ ತಿದ್ದುತ್ತಾರೆ, ಲೇಖನ ತಿದ್ದುತ್ತಾರೆ, ದಾರಿ ತಪ್ಪಿದ ಮಗನನ್ನೂ ತಿದ್ದುತ್ತಾರೆ. ಎಲ್ಲ ಕಡೆಯೂ ತಿದ್ದಿದ ಮೇಲೆ ಅದು ಅದೇ ಆಗಿ ಉಳಿಯುತ್ತದೆ. ಮಗನನ್ನು ತಿದ್ದುವುದೆಂದರೆ ಬೇರೆಯವರ ಮಗನನ್ನು ತಂದು ಮನೆಯಲ್ಲಿಟ್ಟುಕೊಳ್ಳುವುದಲ್ಲ. ನೀವು ಸಾಹಿತ್ಯದ ವಿದ್ಯಾರ್ಥಿಗಳು, ನಿಮಗೆ ಇದು ಬೇಗ ಅರ್ಥವಾಗುತ್ತದೆ. ಸಂಪಾದಕರು ನಿಮ್ಮ ಕತೆಯ ಉದ್ದ ವಾಕ್ಯವನ್ನು ತುಂಡರಿಸಿದರೆ ನೀವು ಥ್ಯಾಂಕ್ಸ್ ಹೇಳುತ್ತೀರಿ. ಕತೆಯೊಳಗಿನ ಅಗಸರ ಹೆಂಗಸು ಅಂದಗೆಡಿಸುತ್ತಾಳೆಂದು ತೆಗೆದುಹಾಕಿದರೆ ಜಗಳಕ್ಕೆ ಹೋಗುತ್ತೀರಿ. ಫೋಟೋದ ವಿಷಯದಲ್ಲಿ ಮಾತ್ರ ಎರಡನ್ನೂ ಎಡಿಟಿಂಗ್ ಎಂಬ ಒಂದೇ ಚೀಲಕ್ಕೆ ತುಂಬಿ ಸುಮ್ಮನಿದ್ದೇವೆ.

ಈಗ ಮತ್ತೆ ಡ್ಯಾಮಿನ ಫೋಟೋಕ್ಕೆ ಬರೋಣ. ಅದರಲ್ಲಿ ಏನು ಅಳಿದುಹೋಯಿತು ಎಂದು ಒಂದೊಂದಾಗಿ ನೋಡೋಣ.

ಮೊದಲು ನೀರಿನ ಬಣ್ಣ. ಶಿಂಷಾ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಗುಬ್ಬಿ, ತುರುವೇಕೆರೆ ಸೀಮೆ ಹಾದು ಕುಣಿಗಲ್ ತಾಲ್ಲೂಕಿಗೆ ಬರುತ್ತಾಳೆ. ದಾರಿಯುದ್ದಕ್ಕೂ ರಾಗಿ ಹೊಲ, ತೆಂಗಿನ ತೋಟ, ಕೆಮ್ಮಣ್ಣು. ಮಳೆ ಬಿದ್ದಾಗ ಆ ಮಣ್ಣು ನೀರಿಗೆ ಸೇರುತ್ತದೆ. ಕೆಂಪು ನೀರು ಕಂಡರೆ ನಮ್ಮ ಕಡೆ 'ಹೊಸ ನೀರು ಬಂತು' ಎನ್ನುತ್ತಾರೆ, ಹಾಗೆನ್ನುವಾಗ ಮುಖದಲ್ಲಿ ಸಂತೋಷ ಇರುತ್ತದೆ. ಮೇಲೆ ಮಳೆಯಾಗಿದೆ, ನಾಲೆಗೆ ನೀರು ಬಿಡುತ್ತಾರೆ, ಗದ್ದೆಗೆ ಇಳಿಯಬಹುದು ಎಂಬ ಸುದ್ದಿಯೆಲ್ಲ ಆ ಬಣ್ಣದಲ್ಲಿದೆ. ಅದನ್ನು ನೀಲಿ ಮಾಡಿದವನು ನೀರನ್ನು ಶುದ್ಧ ಮಾಡಲಿಲ್ಲ, ಸುದ್ದಿಯನ್ನು ಅಳಿಸಿದ. ಕುಣಿಗಲ್ ಕೆರೆಯ ಅಂದವನ್ನು ಹೊಗಳುವ ಜನಪದ ಹಾಡು ನಾಡಿಗೆಲ್ಲ ಗೊತ್ತು. ಆ ಹಾಡು ಕಟ್ಟಿದವರ ಕಣ್ಣಿಗೆ ನಮ್ಮ ನೀರು ನೀರಿನ ಹಾಗೇ ಚೆಂದ ಕಂಡಿತ್ತು. ಅದನ್ನು ಮಾಲ್ಡೀವ್ಸ್ ಮಾಡುವ ಅಗತ್ಯ ಅವರಿಗೆ ಬೀಳಲಿಲ್ಲ.

ಎರಡನೆಯದು ಜನ. ಈ ಡ್ಯಾಮು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಯೋಜನೆ. ನಡುವೆ 139 ಮೀಟರಿನ ಕಲ್ಲಿನ ಕಟ್ಟೆ, ಎರಡು ಕಡೆ ಮಣ್ಣಿನ ಏರಿ. ಕಟ್ಟಿಸಿದ್ದು ನೋಡಿ ಆನಂದಿಸಲೆಂದಲ್ಲ, ಬೇಸಾಯಕ್ಕೆ. ತೆಪ್ಪದವನು, ಬಟ್ಟೆ ಒಗೆಯುವವರು, ದನಕ್ಕೆ ನೀರು ಕುಡಿಸುವವರು ಈ ನೀರಿನ ಹಕ್ಕುದಾರರು. ಭಾನುವಾರ ಬೈಕಿನಲ್ಲಿ ಬಂದು ಹೋಗುವ ನಾವು ಅತಿಥಿಗಳು. ಅತಿಥಿ ಬಂದು ಫೋಟೋ ತೆಗೆದು ಮನೆಯವರನ್ನೇ ಅದರಿಂದ ಹೊರಗೆ ಹಾಕುವುದು ಯಾವ ನ್ಯಾಯ? ನಿರ್ಜನ ಪ್ರಕೃತಿಯೇ ಸುಂದರ ಎನ್ನುವ ನಂಬಿಕೆ ಎಲ್ಲಿಂದಲೋ ನಮ್ಮ ತಲೆಗೆ ಹೊಕ್ಕಿದೆ. ಜನ ಇದ್ದರೆ ಫೋಟೋ ಕೆಡುತ್ತದೆ, ಅದರಲ್ಲೂ ಬಡವರಿದ್ದರೆ ಇನ್ನೂ ಕೆಡುತ್ತದೆ. ಕಾರಿಗೆ ಒರಗಿ ನಿಂತ ಗೆಳೆಯನನ್ನು ಹುಡುಗ ಅಳಿಸುತ್ತಿದ್ದನೇ? ಇಲ್ಲ. ಹಾಗಾದರೆ ಬೇಡದವರು ಯಾರು ಎಂಬುದನ್ನು ಫೋನು ಕಂಡುಹಿಡಿದದ್ದಲ್ಲ, ನಾವೇ ಅದಕ್ಕೆ ಕಲಿಸಿಕೊಟ್ಟದ್ದು.

ಮೂರನೆಯದು ಆ ಬೋರ್ಡು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಾರ್ಕೋನಹಳ್ಳಿಯ ವಿಶೇಷ ಇರುವುದು ಅದರ ಸ್ವಯಂಚಾಲಿತ ಸೈಫನ್ನುಗಳಲ್ಲಿ. ಬೇರೆ ಡ್ಯಾಮುಗಳಲ್ಲಿ ಎಂಜಿನಿಯರು ಆದೇಶ ಕೊಟ್ಟು, ಸಿಬ್ಬಂದಿ ಗೇಟು ಎತ್ತಿ, ಸೈರನ್ ಮೊಳಗಿಸಿ ನೀರು ಬಿಡುತ್ತಾರೆ. ಸೈಫನ್ನಿಗೆ ಯಾರೂ ಗೇಟು ಎತ್ತಬೇಕಾಗಿಲ್ಲ. ನೀರಿನ ಮಟ್ಟ ಒಂದು ಗೆರೆ ದಾಟಿದರೆ ನೀರು ಅದರೊಳಗಿನ ಬಾಯಿಯ ಮೇಲಿಂದ ಇಳಿಯತೊಡಗುತ್ತದೆ, ಇಳಿಯುವಾಗ ಒಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ, ಗಾಳಿ ಖಾಲಿಯಾದ ಕೂಡಲೇ ಕೊಳವೆ ತುಂಬ ನೀರು ನುಗ್ಗುತ್ತದೆ. ಮಟ್ಟ ಇಳಿದು ಮತ್ತೆ ಗಾಳಿ ಒಳಹೊಕ್ಕ ಮೇಲೆಯೇ ಅದು ನಿಲ್ಲುವುದು. ಸೊಗಸಾದ ತಂತ್ರ. ಆದರೆ ಕೆಳಗೆ ಮೊಣಕಾಲುದ್ದದ ನೀರಲ್ಲಿ ನಿಂತವನಿಗೆ ಅದು ಮುನ್ಸೂಚನೆ ಕೊಡುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಇಲ್ಲಿ ನೀರಿಗಿಳಿದ ಒಂದೇ ಕುಟುಂಬದ ಹಲವರು ಹರಿವು ಇದ್ದಕ್ಕಿದ್ದಂತೆ ಹೆಚ್ಚಿ ಕೊಚ್ಚಿಹೋದರು. ಫೋಟೋ ನೋಡಿಯೇ ಹಾಗಾಯಿತು ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವುದು ಅನ್ಯಾಯ. ನಾನು ಹೇಳುವುದು ಇಷ್ಟೇ: ಇಂಥ ಜಾಗದ ಫೋಟೋದಿಂದ ಎಚ್ಚರಿಕೆಯ ಬೋರ್ಡನ್ನು, ಅದು ಕಣ್ಣಿಗೆ ಅಡ್ಡ ಬರುತ್ತದೆ ಎಂಬ ಕಾರಣಕ್ಕೆ, ಅಳಿಸುವ ಕೈ ಒಂದು ಕ್ಷಣವಾದರೂ ನಡುಗಬೇಕು. ಆ ಫೋಟೋ ಸ್ಟೇಟಸ್ಸಿಗೆ ಹೋಗುತ್ತದೆ, ಅಲ್ಲಿಂದ ಇನ್ನೊಬ್ಬರ ಗ್ರೂಪಿಗೆ ಹೋಗುತ್ತದೆ, ಮುಂದಿನ ಭಾನುವಾರ ನಾಲ್ಕು ಜನರನ್ನು ಕರೆತರುತ್ತದೆ. ಅವರು ಬರುವುದು ಮಾರ್ಕೋನಹಳ್ಳಿಗಲ್ಲ, ಆ ನೀಲಿ ನೀರಿಗೆ.

ಇಷ್ಟನ್ನು ಊರಿನ ಬಗ್ಗೆ ಹೇಳಿದೆ. ಆದರೆ ಈ ವಿಷಯದಲ್ಲಿ ನನಗೆ ಸಿಟ್ಟು ಬಂದದ್ದು ಊರಿನ ಫೋಟೋದಿಂದಲ್ಲ, ಮನೆಯ ಫೋಟೋದಿಂದ.

ನಮ್ಮ ಅಜ್ಜಿ ತೀರಿಕೊಂಡಾಗ ಶಿವಗಣಾರಾಧನೆಯ ಕಾರ್ಡಿಗೆ, ಗೋಡೆಗೆ ಹಾಕುವ ಕಟ್ಟಿಗೆ ಒಂದು ಫೋಟೋ ಬೇಕಾಯಿತು. ಅಜ್ಜಿ ಒಬ್ಬಳೇ ನಿಂತ ಫೋಟೋ ಒಂದೂ ಇರಲಿಲ್ಲ. ಆ ಕಾಲದ ಹೆಂಗಸರು ಒಬ್ಬರೇ ಫೋಟೋಕ್ಕೆ ನಿಲ್ಲುವುದು ಅಪರೂಪ. ಅಕ್ಕನ ಮದುವೆಯ ಗ್ರೂಪ್ ಫೋಟೋ ಟ್ರಂಕಿನಲ್ಲಿ ಸಿಕ್ಕಿತು. ಅದರಲ್ಲಿ ಎರಡನೇ ಸಾಲಿನ ತುದಿಗೆ ಅಜ್ಜಿ. ಎಣ್ಣೆಗೆಂಪು, ಎಣ್ಣೆಗಪ್ಪು ಎಂದೆಲ್ಲ ಹೇಳುತ್ತಾರಲ್ಲ, ಅದೆರಡರ ನಡುವಿನ ಮೈಬಣ್ಣ. ಜೀವನವಿಡೀ ಹೊಲದಲ್ಲಿ ಬಿಸಿಲು ತಿಂದ ಮುಖ. ಹಣೆಯ ಮೇಲೆ ಅಗಲವಾಗಿ ಮೂರೆಳೆ ವಿಭೂತಿ. ಕತ್ತಲಲ್ಲಿಯೂ ಅಜ್ಜಿ ಬರುತ್ತಿರುವುದು ಆ ವಿಭೂತಿಯಿಂದ ಗೊತ್ತಾಗುತ್ತಿತ್ತು ಎಂದು ಅವ್ವ ಈಗಲೂ ಹೇಳುತ್ತಾಳೆ.

ಸ್ಟುಡಿಯೋದವರು ಮುಖವನ್ನು ಕತ್ತರಿಸಿ ತೆಗೆದು, ಹಿಂದೆ ಆಕಾಶನೀಲಿ ಹಾಕಿ, ಹೊಸ ರೇಷ್ಮೆ ಸೀರೆ ಉಡಿಸಿ, ಮಾರನೆಯ ದಿನವೇ ಕೊಟ್ಟರು. ಅವ್ವ ಕಟ್ಟನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದಳು. "ಯಾರೋ ದೊಡ್ಡ ಮನೆಯೋರ ಥರ ಅವ್ರೆ," ಅಂದಳು. ಹೊಗಳಿದಳೋ ದೂರಿದಳೋ ಆಗ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಇಬೂತಿ ಎಲ್ಲೋಯ್ತು?" ಎಂದು ಕೇಳಿದಳು.

ನೋಡಿದೆ. ವಿಭೂತಿಯನ್ನು ಅವರು ಅಳಿಸಿರಲಿಲ್ಲ. ಮುಖವನ್ನು ಎಷ್ಟು ಬೆಳ್ಳಗೆ ಮಾಡಿದ್ದರೆಂದರೆ ವಿಭೂತಿ ಅದರೊಳಗೆ ಮುಳುಗಿಹೋಗಿತ್ತು.

ಸ್ಟುಡಿಯೋದವರನ್ನು ಕೇಳಿದೆ. ಅವರು ಒರಟರಲ್ಲ, ನಮ್ಮಂಥವರೇ. "ಹಂಗೇ ಕೊಟ್ರೆ ಜನ ವಾಪಸ್ ತರ್ತಾರೆ ಸಾರ್. ಕಪ್ಪಗೆ ಬಂದೈತೆ, ಸರಿ ಮಾಡಿ ಅಂತಾರೆ. ಅದಕ್ಕೆ ನಾವೇ ಮೊದಲೇ ಮಾಡ್ಬಿಡ್ತೀವಿ," ಅಂದರು. ಅವರ ಮಾತು ಸುಳ್ಳಲ್ಲ. ಮದುವೆ ಆಲ್ಬಂ, ಗಂಡು ನೋಡುವವರಿಗೆ ಕಳಿಸುವ ಫೋಟೋ, ಕಾಲೇಜಿನ ಐಡಿ ಕಾರ್ಡು, ಎಲ್ಲದಕ್ಕೂ ಇದೇ ಬೇಡಿಕೆ. ಬೇಡಿಕೆ ನಮ್ಮದು, ಅಪರಾಧವನ್ನು ಅಂಗಡಿಯವನ ತಲೆಗೆ ಕಟ್ಟಿ ನಾವು ತಪ್ಪಿಸಿಕೊಳ್ಳುವ ಹಾಗಿಲ್ಲ. ಫೇರ್ ಅಂಡ್ ಲವ್ಲಿ ಕೂಡ 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಪದವನ್ನು ಕೈಬಿಟ್ಟಿತು. ನಮ್ಮ ಸ್ಲೈಡರುಗಳು ಇನ್ನೂ ಕೈಬಿಟ್ಟಿಲ್ಲ.

ಈ ಬಿಳುಪಿನ ಹುಚ್ಚಿಗೆ ಯಂತ್ರದ ಇತಿಹಾಸವೂ ಒಂದಿಷ್ಟು ಹೊಣೆ. ಬಣ್ಣದ ಫಿಲಂ ಕಾಲದಲ್ಲಿ ಲ್ಯಾಬುಗಳು ಬಣ್ಣ ಸರಿಯಿದೆಯೇ ಎಂದು ಹೊಂದಿಸಿಕೊಳ್ಳಲು ಕೊಡಾಕ್ ಕಂಪನಿ ಒಂದು ಮಾದರಿ ಕಾರ್ಡು ಕಳಿಸುತ್ತಿತ್ತು. ಅದರಲ್ಲಿ ಇದ್ದದ್ದು ಬಿಳಿಯ ಹೆಣ್ಣುಮಗಳ ಚಿತ್ರ. ಅದಕ್ಕೆ ಶರ್ಲಿ ಕಾರ್ಡ್ ಎಂದೇ ಹೆಸರಾಯಿತು. ಅವಳ ಚರ್ಮ ಸರಿಯಾಗಿ ಬಂದರೆ ಫಿಲಂ ಸರಿ. ಕಂದು ಬಣ್ಣದ ಸೂಕ್ಷ್ಮಗಳು ಸರಿಯಾಗಿ ಬರುತ್ತಿಲ್ಲ ಎಂದು ಚಾಕೊಲೇಟ್ ಮತ್ತು ಮರದ ಪೀಠೋಪಕರಣದ ಕಂಪನಿಗಳು ದೂರಿದ್ದು ಫಿಲಂ ಸುಧಾರಣೆಗೆ ಒಂದು ಕಾರಣವಾಯಿತಂತೆ. ಮನುಷ್ಯರ ಮುಖಕ್ಕಿಂತ ಮೊದಲು ಚಾಕೊಲೇಟಿಗೆ ನ್ಯಾಯ ಸಿಕ್ಕಿತು. ಈಗಿನ ಕ್ಯಾಮೆರಾಗಳು ಎಷ್ಟೋ ವಾಸಿ. ಯಂತ್ರ ನಮ್ಮ ಬಣ್ಣವನ್ನು ಹಿಡಿಯಲು ಕಲಿತಿರುವ ಹೊತ್ತಿಗೆ ನಾವೇ ಅದನ್ನು ಒರೆಸಿಹಾಕುತ್ತಿದ್ದೇವೆ.

ಅಜ್ಜಿಯ ಫೋಟೋ ಆದಮೇಲೆ ಆ ಆರೆಂಜ್ ಸ್ಲೈಡರ್ ಏನು ಮಾಡುತ್ತದೆ ಎಂದು ನಾನೇ ಕೂತು ನೋಡಿದೆ. ಲೈಟ್‌ರೂಮಿನಂಥ ಆ್ಯಪುಗಳಲ್ಲಿ ಒಂದೊಂದು ಬಣ್ಣವನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸಬಹುದು. ಮನುಷ್ಯರ ಚರ್ಮ, ಅದು ಯಾವ ದೇಶದ್ದೇ ಆಗಲಿ, ಹೆಚ್ಚಾಗಿ ಬೀಳುವುದು ಕಿತ್ತಳೆಯ ಪಾಲಿಗೆ. ಅದಕ್ಕೇ ಚುಟುಕು ಸಲಹೆಯವರು ಕಿತ್ತಳೆಯ ಹೊಳಪು ಏರಿಸಿ ಎನ್ನುವುದು. ಡ್ಯಾಮಿನ ಏರಿಯ ಮೇಲೆ ತೆಗೆದ ನನ್ನದೇ ಒಂದು ಫೋಟೋದಲ್ಲಿ ಏರಿಸಿದೆ. ನನ್ನ ಮುಖ ಬೆಳ್ಳಗಾಯಿತು. ಜೊತೆಗೆ ಕಾಲಡಿಯ ಕೆಮ್ಮಣ್ಣೂ ಬೆಳ್ಳಗಾಯಿತು. ಹಿಂದಿನ ಹೆಂಚಿನ ಮಾಡು ಬೆಳ್ಳಗಾಯಿತು. ಒಣಹುಲ್ಲಿನ ಮೆದೆ ಮಾಸಿತು. ಚರ್ಮಕ್ಕೂ ಮಣ್ಣಿಗೂ ಒಂದೇ ಸ್ಲೈಡರು. ಮೈಬಣ್ಣದ ಬಗ್ಗೆ ನಾಚಿಕೆಪಟ್ಟು ಅದನ್ನು ಎಳೆದರೆ ಊರಿನ ನೆಲವೂ ಸುಣ್ಣದಂತಾಗುತ್ತದೆ.

ಹಾಗಾದರೆ ಮುಖ ಕಪ್ಪಗೆ ಬಂದರೆ ಏನೂ ಮಾಡಬಾರದೇ? ಮಾಡಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಕ್ಯಾಮೆರಾದ ಮೀಟರು ತನ್ನ ಮುಂದಿನ ದೃಶ್ಯವೆಲ್ಲ ಸರಾಸರಿ ಬೂದು ಬಣ್ಣಕ್ಕೆ ಬರಬೇಕು ಎಂದು ಲೆಕ್ಕ ಹಾಕುತ್ತದೆ. ಬಿಳಿ ಪಂಚೆ, ಬಿಳಿ ಶರಟು ತೊಟ್ಟವರ ಗುಂಪು ಕಂಡರೆ ಬೆಳಕು ಜಾಸ್ತಿಯಾಯಿತೆಂದು ತಿಳಿದು ಇಳಿಸುತ್ತದೆ, ಆಗ ಮುಖಗಳು ಕತ್ತಲಾಗುತ್ತವೆ. ಬೆನ್ನಿಗೆ ಬಿಸಿಲಿದ್ದರೂ ಹಾಗೇ. ಅದು ಯಂತ್ರದ ತಪ್ಪು, ಸರಿಪಡಿಸಲೇಬೇಕು. ಕತ್ತಲಲ್ಲಿ ಬಿದ್ದ ಮುಖವನ್ನು ಬೆಳಕಿಗೆ ತರುವುದು ಬೇರೆ, ಕಪ್ಪು ಮುಖವನ್ನು ಬಿಳುಪು ಮಾಡುವುದು ಬೇರೆ. ಗುರುತಿಸುವುದು ಸುಲಭ. ಎಕ್ಸ್‌ಪೋಶರ್ ಏರಿಸಿದಾಗ ಮುಖದ ಜೊತೆಗೆ ಪಂಚೆಯೂ ಹೊಳೆಯುತ್ತದೆ, ವಿಭೂತಿಯೂ ಹೊಳೆಯುತ್ತದೆ, ಎರಡರ ನಡುವಿನ ಅಂತರ ಹಾಗೇ ಇರುತ್ತದೆ. ಚರ್ಮವನ್ನು ಮಾತ್ರ ಏರಿಸಿದಾಗ ಆ ಅಂತರ ಕರಗುತ್ತದೆ. ವಿಭೂತಿ ಕಾಣುವಷ್ಟು ಹೊತ್ತು ನೀವು ತಿದ್ದುತ್ತಿದ್ದೀರಿ. ಅದು ಕಾಣದಾದಾಗ ಅಳಿಸುತ್ತಿದ್ದೀರಿ.

ನನ್ನ ವಾದಕ್ಕೆ ಎದುರಾಗಿ ಬರುವ ಮಾತುಗಳು ನನಗೆ ಗೊತ್ತು. ಮೊದಲನೆಯದು, ಫೋಟೋಗ್ರಫಿ ಕಲೆ, ಕಲಾವಿದನಿಗೆ ಸ್ವಾತಂತ್ರ್ಯ ಬೇಕು. ಖಂಡಿತ ಬೇಕು. ಚಿತ್ರಕಾರ ನೀರನ್ನು ನೇರಳೆ ಮಾಡಿದರೆ ಯಾರೂ ಕೇಳುವುದಿಲ್ಲ, ಯಾಕೆಂದರೆ ಅವನು ನಾನು ಅಲ್ಲಿದ್ದೆ, ಇದನ್ನು ಕಂಡೆ ಎಂದು ಆಣೆ ಮಾಡಿರುವುದಿಲ್ಲ. ಫೋಟೋ ಬಾಯಿಬಿಟ್ಟು ಹೇಳದಿದ್ದರೂ ಆ ಆಣೆಯನ್ನು ಮಾಡುತ್ತದೆ, ಅದರ ಬೆಲೆಯಲ್ಲ ಆ ಆಣೆಯಲ್ಲಿದೆ. ನ್ಯಾಷನಲ್ ಜಿಯಾಗ್ರಫಿಕ್ 1982ರ ಫೆಬ್ರವರಿ ಸಂಚಿಕೆಯ ಮುಖಪುಟಕ್ಕೆ ಹೊಂದಿಸಲು ಗಿಜಾದ ಪಿರಮಿಡ್ಡುಗಳನ್ನು ಹತ್ತಿರ ಸರಿಸಿ ಛೀಮಾರಿ ಹಾಕಿಸಿಕೊಂಡಿತು. ಭಾರತದ ಬೀದಿ, ಹಬ್ಬ, ಮಳೆಯನ್ನೆಲ್ಲ ಜಗತ್ತಿಗೆ ತೋರಿಸಿದ ಸ್ಟೀವ್ ಮೆಕ್‌ಕರಿಯ ಕೆಲವು ಫೋಟೋಗಳಲ್ಲಿ ಜನರನ್ನು, ವಸ್ತುಗಳನ್ನು ಅಳಿಸಲಾಗಿದೆ ಎಂಬುದು 2016ರಲ್ಲಿ ಬಯಲಾಯಿತು. ಆಗ ಅವರು ತಾನು ಈಗ ಪತ್ರಿಕಾ ಛಾಯಾಗ್ರಾಹಕ ಅಲ್ಲ, ಚಿತ್ರಗಳಲ್ಲಿ ಕತೆ ಹೇಳುವವನು ಎಂದರು. ಆಗಲಿ, ಕತೆಯೇ ಹೇಳಲಿ. ಆದರೆ ಕತೆ ಎಂದು ಮೊದಲೇ ಹೇಳಿ ಕೊಡಬೇಕಿತ್ತು.

ಎರಡನೆಯದು, ಗೆರೆ ಎಲ್ಲಿ ಎಳೆಯುತ್ತೀರಿ ಎಂಬ ಪ್ರಶ್ನೆ. ಆ ಗೆರೆಯನ್ನು ಎಳೆದವರು ನಮ್ಮಲ್ಲೇ ಇದ್ದಾರೆ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಇಂಥ ಕ್ಲಬ್ಬುಗಳು ನಡೆಸುವ ಅಂತರರಾಷ್ಟ್ರೀಯ ಮಾನ್ಯತೆಯ ಸಲೋನುಗಳಲ್ಲಿ ನಿಸರ್ಗ ವಿಭಾಗಕ್ಕೊಂದು ನಿಯಮವಿದೆ. ಕ್ರಾಪ್ ಮಾಡಬಹುದು, ಬೆಳಕು ಬಣ್ಣಗಳನ್ನು ಸಹಜವಾಗಿ ಕಾಣುವಷ್ಟು ಹೊಂದಿಸಬಹುದು, ಸೆನ್ಸರಿನ ಧೂಳಿನ ಚುಕ್ಕಿ ತೆಗೆಯಬಹುದು. ಚಿತ್ರದಲ್ಲಿ ಇದ್ದದ್ದನ್ನು ತೆಗೆಯುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ, ಜಾಗ ಬದಲಿಸುವಂತಿಲ್ಲ. ಒಂದು ಗುಬ್ಬಿಯ ಫೋಟೋದಲ್ಲಿ ಅಡ್ಡ ಬಂದ ಕಡ್ಡಿಯನ್ನು ಅಳಿಸಿದರೆ ಅನರ್ಹರಾಗುತ್ತೀರಿ. ಗುಬ್ಬಿಗೆ ಇರುವ ಈ ಮರ್ಯಾದೆ ತೆಪ್ಪದ ಮನುಷ್ಯನಿಗೆ ಯಾಕಿಲ್ಲ?

ಮೂರನೆಯದು, ಎಲ್ಲರೂ ಮಾಡುತ್ತಾರೆ, ಎಡಿಟ್ ಎಂದು ಎಲ್ಲರಿಗೂ ಗೊತ್ತು, ಇದರಿಂದ ಯಾರಿಗೆ ನಷ್ಟ ಎನ್ನುವುದು. ಗೊತ್ತಿದ್ದೂ ನಷ್ಟವಾಗುತ್ತದೆ ಎಂದು ತಿಳಿದದ್ದರಿಂದಲೇ ನಾರ್ವೆ 2021ರಲ್ಲಿ ಜಾಹೀರಾತಿಗಾಗಿ ಮೈಮುಖ ತಿದ್ದಿದ ಫೋಟೋ ಹಾಕುವವರು ಹಾಗೆಂದು ಹೇಳಲೇಬೇಕೆಂದು ಕಾನೂನು ಮಾಡಿತು. ಫ್ರಾನ್ಸಿನಲ್ಲಿ ಮಾಡೆಲ್‌ಗಳ ಫೋಟೋಗಳಿಗೆ 2017ರಿಂದಲೇ ಇಂಥ ನಿಯಮವಿದೆ. ನಮ್ಮ ಮನೆಯ ಹೆಣ್ಣುಮಕ್ಕಳು ಕನ್ನಡಿ ನೋಡಿ ಬೇಜಾರು ಮಾಡಿಕೊಂಡು ಫೋನು ನೋಡಿ ಸಮಾಧಾನ ಮಾಡಿಕೊಳ್ಳುವುದನ್ನು ನೋಡಿದವರಿಗೆ ನಷ್ಟ ಯಾರದ್ದೆಂದು ಬಿಡಿಸಿ ಹೇಳಬೇಕಿಲ್ಲ.

ಬರೀ ಬೈದು ಮುಗಿಸಿದರೆ ನ್ಯಾಯವಲ್ಲ. ಆದ್ದರಿಂದ ನನ್ನದೂ ಕೆಲವು ಚುಟುಕು ಸಲಹೆಗಳು. ಮೊದಲು ಮೂಲ ಫೋಟೋದ ಪ್ರತಿಯೊಂದನ್ನು ಬೇರೆ ಕಡೆ ಉಳಿಸಿಕೊಳ್ಳಿ, ಆಮೇಲೆ ಉಳಿದದ್ದು. ದಿಗಂತ ಓರೆಯಾಗಿದ್ದರೆ ನೇರ ಮಾಡಿ. ಅರ್ಧ ಫೋಟೋಗಳು ಅಷ್ಟಕ್ಕೇ ಸರಿಹೋಗುತ್ತವೆ. ಬೇಡ ಅನ್ನಿಸಿದ್ದು ಅಂಚಿನಲ್ಲಿದ್ದರೆ ಕ್ರಾಪ್ ಮಾಡಿ. ಕ್ರಾಪ್ ಎಂದರೆ ನಾನು ಇಷ್ಟನ್ನು ಮಾತ್ರ ನೋಡಿದೆ ಎನ್ನುವುದು, ಅಳಿಸುವುದೆಂದರೆ ಅಲ್ಲಿ ಅದು ಇರಲೇ ಇಲ್ಲ ಎನ್ನುವುದು. ವೈಟ್ ಬ್ಯಾಲೆನ್ಸ್ ಹೊಂದಿಸಲು ಫ್ರೇಮಿನಲ್ಲಿ ನಿಜವಾಗಿ ಬಿಳಿ ಇರುವ ಒಂದು ವಸ್ತು ಹುಡುಕಿ, ಪಂಚೆ, ಸುಣ್ಣದ ಗೋಡೆ, ಏನಾದರೂ. ಹಿಸ್ಟೋಗ್ರಾಮ್ ಎಂಬ ಗುಡ್ಡದ ಆಕಾರದ ನಕ್ಷೆಯನ್ನು ಓದಲು ಕಲಿಯಿರಿ. ಗುಡ್ಡ ಬಲಗೋಡೆಗೆ ಒತ್ತಿಕೊಂಡಿದ್ದರೆ ಆಕಾಶದ ವಿವರ ಸುಟ್ಟುಹೋಗಿದೆ ಎಂದರ್ಥ, ಹೈಲೈಟ್ಸ್ ಇಳಿಸಿ ನೋಡಿ. ಎಡಕ್ಕೆ ಒತ್ತಿಕೊಂಡಿದ್ದರೆ ಶ್ಯಾಡೋಸ್ ಏರಿಸಿ. ಆಗ ಆ ಸಪ್ಪೆ ಮೋಡದೊಳಗೆ ಎಷ್ಟು ಬಗೆಯ ಬೂದು ಇತ್ತೆಂದು ಕಾಣುತ್ತದೆ, ಬೇರೆ ಆಕಾಶ ತರುವ ಅಗತ್ಯ ಬೀಳುವುದಿಲ್ಲ. ತಿದ್ದಿದ ಮೇಲೆ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೆ ನೋಡಿ. ಕೊನೆಯದಾಗಿ, ಫೋಟೋದಲ್ಲಿರುವವರಿಗೆ ಅಥವಾ ಆ ಊರಿನವರಿಗೆ ತೋರಿಸಿ. ಅವರು ಇದು ಯಾವೂರು ಎಂದು ಕೇಳದಿದ್ದರೆ ನೀವು ಗೆದ್ದಿರಿ.

ಅಜ್ಜಿಯ ಫೋಟೋವನ್ನು ಮತ್ತೆ ಮಾಡಿದ್ದು ಅದೇ ಹುಡುಗ. ಟ್ರಂಕಿನ ಗ್ರೂಪ್ ಫೋಟೋವನ್ನು ಹಗಲು ಬೆಳಕಿನಲ್ಲಿ ಸರಿಯಾಗಿ ತೆಗೆದು, ಹಳದಿಗಟ್ಟಿದ್ದನ್ನು ವಿಭೂತಿಯ ಬಿಳುಪಿಗೆ ಹೊಂದಿಸಿ, ಎಕ್ಸ್‌ಪೋಶರ್ ಅರ್ಧ ಮೆಟ್ಟಿಲು ಏರಿಸಿದ. ಹಿಂದೆ ಮದುವೆಮನೆಯ ಯಾರದ್ದೋ ಭುಜ ಹಾಗೇ ಉಳಿದಿದೆ. ಮುಖ ಸ್ವಲ್ಪ ಮಸುಕು. ಅವ್ವ ಕಟ್ಟನ್ನು ಗೋಡೆಗೆ ಹಾಕಿಸಿ, ತಾನೇ ಹೋಗಿ ಹೂವು ಮುಡಿಸಿದಳು.

ಈ ಲೇಖನದ ಜೊತೆ ಹಾಕೋಣವೆಂದು ಅವನ ಹತ್ತಿರ ಮಾರ್ಕೋನಹಳ್ಳಿಯ ಮೂಲ ಫೋಟೋ ಕೇಳಿದೆ. ಫೋನಿನಲ್ಲಿ ಜಾಗ ಸಾಲದೆ ಅದನ್ನು ಡಿಲೀಟ್ ಮಾಡಿದ್ದಾನಂತೆ. ಉಳಿದಿರುವುದು ಆ ನೀಲಿ ನೀರಿನದು ಮಾತ್ರ. ತೆಪ್ಪದವನು ಯಾವ ಬಣ್ಣದ ಬನಿಯನ್ ಹಾಕಿದ್ದ ಎಂದು ಕೇಳಿದೆ, ಅವನಿಗೆ ನೆನಪಿಲ್ಲ, ನನಗೂ ಇಲ್ಲ. "ಈ ಸಲ ಹೊಸ ನೀರು ಬಂದಾಗ ಮತ್ತೆ ಹೋಗೋಣ ಮಾವ," ಅಂದಿದ್ದಾನೆ. ಹೋಗಬೇಕು.